ಸಲಾಯಿನ್ ಹಚ್ಚಬೇಕೋ, ಬೇಡವೋ?



ನಮ್ಮ ಹೊರರೋಗಿ ವಿಭಾಗದಲ್ಲಿ ದಿನಕ್ಕೆ ಹತ್ತು ಸಲವಾದರೂ ಕೇಳಿಬರುವ ಮಾತೊಂದಿದೆ: "ಡಾಕ್ಟರ್ ಸಾಹೇಬ್ರ, ಒಂದು ಸಲಾಯಿನ್ ಹಚ್ಚಿಬಿಡ್ರಿ." ಬಾಟಲಿ ಎನ್ನುವವರಿದ್ದಾರೆ, ಗ್ಲೂಕೋಸ್ ಎನ್ನುವವರಿದ್ದಾರೆ, ತಾಕತ್ತಿನ ನೀರು ಎನ್ನುವವರೂ ಇದ್ದಾರೆ. ಜ್ವರಕ್ಕೂ ಅದೇ, ಮೈಕೈ ನೋವಿಗೂ ಅದೇ, ಸುಗ್ಗಿ ಮುಗಿಸಿ ದಣಿದು ಬಂದವರಿಗೂ ಅದೇ. ವೈದ್ಯರು ಬೇಡವೆಂದು ಗುಳಿಗೆ ಬರೆದುಕೊಟ್ಟರೆ ಮುಖ ಸಣ್ಣದಾಗುತ್ತದೆ. "ಧರ್ಮದ ದವಾಖಾನಿ, ಅದಕ್ಕ ಗುಳಿಗಿ ಕೊಟ್ಟು ಕಳಿಸಿದ್ರು. ರೊಕ್ಕ ಕೊಟ್ಟಿದ್ರ ಹಚ್ಚತಿದ್ರು" ಎಂದು ಔಷಧದ ಕಿಟಕಿಯ ಮುಂದೆ ಆಡಿಕೊಳ್ಳುವುದು ನಮ್ಮ ಕಿವಿಗೂ ಬಿದ್ದಿದೆ.

ಆ ಮಾತಿನಲ್ಲಿ ನೋವಿದೆ. ಬಡವರಿಗೆ ಕಡಿಮೆ ಚಿಕಿತ್ಸೆ ಸಿಗುವುದನ್ನು ಎಲ್ಲಿಯೋ ಕಂಡವರೇ ಹಾಗೆ ಅನುಮಾನಿಸುತ್ತಾರೆ. ಆದರೆ ಈ ಒಂದು ವಿಷಯದಲ್ಲಿ ಲೆಕ್ಕ ತಿರುಗುಮುರುಗಾಗಿದೆ. ಸಲಾಯಿನ್ ಹಚ್ಚುವುದು ನಮಗೆ ಸುಲಭದ ಕೆಲಸ. ಐದು ನಿಮಿಷದಲ್ಲಿ ಸೂಜಿ ಹಾಕಿ ಮಲಗಿಸಿದರೆ ನಿಮಗೂ ಸಮಾಧಾನ, ನಮಗೂ ಮಾತು ಉಳಿಯುತ್ತದೆ. ಬೇಡ ಎಂದು ಹೇಳಿ, ಏಕೆ ಬೇಡ ಎಂದು ವಿವರಿಸುವುದಕ್ಕೇ ಹೆಚ್ಚು ಹೊತ್ತು ಬೇಕು. ಸಾಲಿನಲ್ಲಿ ಎಂಬತ್ತು ಜನ ನಿಂತಿರುವಾಗ ಆ ಹೊತ್ತು ನಮಗೆ ಸಿಗುವುದಿಲ್ಲ. ಅದಕ್ಕಾಗಿಯೇ ಈ ಲೇಖನ.

ಇದು ರೋಗಿಗಳ ಪ್ರಶ್ನೆ ಮಾತ್ರವೂ ಅಲ್ಲ. ಯಾರಿಗೆ ರಕ್ತನಾಳದ ಮೂಲಕ ನೀರು ಮತ್ತು ಔಷಧ ಕೊಡಬೇಕು, ಎಷ್ಟು ದಿನ ಕೊಡಬೇಕು, ಯಾವಾಗ ಬಾಯಿಯ ದಾರಿಗೆ ಬದಲಾಯಿಸಬೇಕು ಎಂಬುದನ್ನು ವೈದ್ಯರೂ ಮತ್ತೆ ಮತ್ತೆ ಪರೀಕ್ಷಿಸಿ ನೋಡುತ್ತಿದ್ದಾರೆ. ನಾವು ಕಾಲೇಜಿನಲ್ಲಿ ಕಲಿತ ಕೆಲವು ರೂಢಿಗಳು ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಬದಲಾಗಿವೆ. ಅವನ್ನೂ ಇಲ್ಲಿ ಹೇಳುತ್ತೇವೆ.

ಬಾಟಲಿಯಲ್ಲಿ ಏನಿರುತ್ತದೆ?

ಸಾಮಾನ್ಯ ಸಲಾಯಿನ್ ಎಂದರೆ ಉಪ್ಪು ನೀರು. ಅರ್ಧ ಲೀಟರ್ ಬಾಟಲಿಯಲ್ಲಿ ನಾಲ್ಕೂವರೆ ಗ್ರಾಂ ಉಪ್ಪಿರುತ್ತದೆ, ಅಂದರೆ ಒಂದು ಚಹಾ ಚಮಚಕ್ಕಿಂತಲೂ ಕಡಿಮೆ. ಗ್ಲೂಕೋಸ್ ಬಾಟಲಿಯಲ್ಲಿ ಸಾಮಾನ್ಯವಾಗಿ 100 ಮಿಲಿಲೀಟರಿಗೆ 5 ಗ್ರಾಂನಂತೆ ಸಕ್ಕರೆ ಅಂಶ ಇರುತ್ತದೆ. ಅರ್ಧ ಲೀಟರಿಗೆ 25 ಗ್ರಾಂ, ಐದಾರು ಚಮಚ ಸಕ್ಕರೆಯಷ್ಟು. ಅದರಿಂದ ಸಿಗುವ ಶಕ್ತಿ ನೂರು ಕ್ಯಾಲೊರಿಯೂ ಇಲ್ಲ. ಒಂದು ಜೋಳದ ರೊಟ್ಟಿಯಲ್ಲಿ ಅದಕ್ಕಿಂತ ಹೆಚ್ಚಿದೆ. ರೊಟ್ಟಿಯ ಜೊತೆಗಿರುವ ಬೇಳೆ, ಪಲ್ಯದ ಮಾತು ಬೇರೆ. ಗ್ಲೂಕೋಸ್ ಬಾಟಲಿಯಲ್ಲಿ ಅದೊಂದೂ ಇಲ್ಲ.

ಕೆಲವರು ಹಳದಿ ಬಾಟಲಿಯನ್ನೇ ಕೇಳುತ್ತಾರೆ. ಬಿಳಿ ನೀರಿಗಿಂತ ಹಳದಿ ನೀರಿಗೆ ಶಕ್ತಿ ಹೆಚ್ಚು ಎಂಬ ನಂಬಿಕೆ. ಆ ಹಳದಿ ಬಣ್ಣ ಬರುವುದು ಬಿ ವರ್ಗದ ಜೀವಸತ್ವದಿಂದ, ಮುಖ್ಯವಾಗಿ ರೈಬೋಫ್ಲೇವಿನ್‌ನಿಂದ. ದೇಹಕ್ಕೆ ಬೇಕಾದಷ್ಟು ಉಳಿದು ಹೆಚ್ಚಾದದ್ದು ಕೆಲವೇ ಗಂಟೆಗಳಲ್ಲಿ ಮೂತ್ರದಲ್ಲಿ ಹೋಗುತ್ತದೆ. ಬಾಟಲಿ ಹಚ್ಚಿಸಿಕೊಂಡ ದಿನ ಮೂತ್ರ ಕಡು ಹಳದಿಯಾಗುವುದು ಇದೇ ಕಾರಣಕ್ಕೆ.

ಹಾಗಾದರೆ ಹಚ್ಚಿಸಿಕೊಂಡವರಿಗೆ ಹಗುರ ಅನಿಸುವುದೇಕೆ? ನಿಜವಾಗಿ ನೀರಿನಂಶ ಕಡಿಮೆಯಾಗಿದ್ದವರಿಗೆ ಹಗುರವಾಗಲೇಬೇಕು, ಅದು ಸಲಾಯಿನ್‌ನ ಕೆಲಸ. ಉಳಿದವರಿಗೆ ಆಗುವುದು ಬೇರೆ. ಎರಡು ಗಂಟೆ ಫ್ಯಾನಿನ ಕೆಳಗೆ ಮಲಗುತ್ತಾರೆ. ಬೆಳಗಿನಿಂದ ಕೂತಿರದ ಹೆಣ್ಣುಮಗಳಿಗೆ ಆ ಎರಡು ಗಂಟೆಯೇ ದೊಡ್ಡದು. ಜೊತೆಗೆ ಜ್ವರ ಇಳಿಸುವ ಔಷಧವನ್ನೂ ಅದರಲ್ಲೇ ಬಿಟ್ಟಿರುತ್ತಾರೆ. ಕೆಲವು ಕಡೆ ಸ್ಟೀರಾಯ್ಡ್ ಸೇರಿಸುವುದೂ ಉಂಟು. ಅದರಿಂದ ಒಂದೆರಡು ದಿನ ಮೈ ಕುದುರೆಯಂತೆ ಆಗುತ್ತದೆ, ಒಳಗಿನ ರೋಗ ಮರೆಯಾಗುತ್ತದೆ. ಈ ಮರೆಯಾಗುವುದೇ ಅಪಾಯ.

ನಿಶ್ಶಕ್ತಿಗೆ ಕಾರಣ ಹುಡುಕಬೇಕು

ಮೂವತ್ತೆಂಟು ವರ್ಷದ ಒಬ್ಬ ತಾಯಿ ನಮ್ಮಲ್ಲಿಗೆ ಬಂದಿದ್ದರು. ಹೊಲದ ಕೆಲಸ, ಮನೆಯಲ್ಲಿ ಎರಡು ಎಮ್ಮೆ, ಮೂರು ಮಕ್ಕಳು. ಒಂದು ವರ್ಷದಿಂದ ಸುಸ್ತು. ಗಂಡ ಒಳ್ಳೆಯ ಮನುಷ್ಯ. ತಿಂಗಳಿಗೊಮ್ಮೆ ತಪ್ಪದೆ ಊರ ಹತ್ತಿರದ ಪೇಟೆಗೆ ಕರೆದೊಯ್ದು ಎರಡು ಬಾಟಲಿ ಹಚ್ಚಿಸುತ್ತಿದ್ದರು. ಎರಡು ದಿನ ಪರವಾಗಿಲ್ಲ, ಮೂರನೆಯ ದಿನ ಮತ್ತೆ ಅದೇ. ನಮ್ಮಲ್ಲಿಗೆ ಬರುವ ಹೊತ್ತಿಗೆ ಮಠದ ಮೆಟ್ಟಿಲು ಹತ್ತಲೂ ಆಗದಂತೆ ಏದುಸಿರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಕಾಗದದಂತೆ ಬಿಳಿ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 5.2. ಹೆಂಗಸರಿಗೆ ಅದು 12 ಇರಬೇಕು.

"ಮುಟ್ಟು ಎಷ್ಟು ದಿನ ಆಗುತ್ತದೆ ತಾಯಿ?" ಎಂದು ಕೇಳಿದಾಗ ತಲೆ ತಗ್ಗಿಸಿದರು. ಗಂಡನನ್ನು ಹೊರಗೆ ಕಳಿಸಿದ ಮೇಲೆ ಹೇಳಿದರು: ಹತ್ತು, ಹನ್ನೆರಡು ದಿನ, ಗಡ್ಡೆಗಡ್ಡೆಯಾಗಿ. ಒಂದು ವರ್ಷದಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಅವರೂ ಹೇಳಿರಲಿಲ್ಲ. ಗರ್ಭಕೋಶದಲ್ಲಿ ಗಡ್ಡೆಯಿತ್ತು. ಪ್ರತಿ ತಿಂಗಳೂ ರಕ್ತ ಹೊರಗೆ ಹೋಗುತ್ತಿತ್ತು, ಪ್ರತಿ ತಿಂಗಳೂ ಉಪ್ಪುನೀರು ಒಳಗೆ ಬರುತ್ತಿತ್ತು.

ಅವರಿಗೆ ರಕ್ತ ಕೊಟ್ಟೆವು, ಆಮೇಲೆ ಕಬ್ಬಿಣಾಂಶದ ಔಷಧವನ್ನು ರಕ್ತನಾಳದ ಮೂಲಕವೇ ಕೊಟ್ಟೆವು, ಚೇತರಿಸಿಕೊಂಡ ಮೇಲೆ ಶಸ್ತ್ರಚಿಕಿತ್ಸೆಯಾಯಿತು. "ಇದೂ ಬಾಟ್ಲಿನ ಅಲ್ಲೇನ್ರಿ?" ಎಂದು ಅವರು ನಗುತ್ತ ಕೇಳಿದ್ದು ನೆನಪಿದೆ. ಹೌದು, ಇದೂ ಬಾಟಲಿಯೇ. ಆದರೆ ಏತಕ್ಕೆ ಎಂದು ಗೊತ್ತಿದ್ದು ಹಚ್ಚಿದ ಬಾಟಲಿ. ನಾವು ಹೇಳಬೇಕೆಂದಿರುವುದೂ ಇಷ್ಟೇ. ಬಾಟಲಿ ಹಗೆಯಲ್ಲ. ಕಾರಣ ಕೇಳದೆ ಹಚ್ಚುವುದು ತಪ್ಪು.

ತಿಂಗಳುಗಟ್ಟಲೆ ಸುಸ್ತಿದ್ದರೆ ರಕ್ತಹೀನತೆ, ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ, ಕ್ಷಯ, ಮೂತ್ರಪಿಂಡದ ತೊಂದರೆ, ಮನಸ್ಸಿನ ಖಿನ್ನತೆ ಇವುಗಳಲ್ಲಿ ಯಾವುದಾದರೂ ಇರಬಹುದು. ಇವುಗಳಲ್ಲಿ ಒಂದಕ್ಕೂ ಗ್ಲೂಕೋಸ್ ಔಷಧವಲ್ಲ. ಸಕ್ಕರೆ ಕಾಯಿಲೆಯಂತೂ ಅದರಿಂದ ಏರುತ್ತದೆ.

ವಾಂತಿಭೇದಿಗೆ ಬಾಯಿಯ ದಾರಿ

ಮಗುವಿಗೆ ಭೇದಿ ಶುರುವಾದ ಕೂಡಲೇ ಸಲಾಯಿನ್ ಬೇಕೆಂದು ಓಡಿ ಬರುತ್ತೀರಿ. ತಾಯಿತಂದೆಯರ ಗಾಬರಿ ಸಹಜ. ಆದರೆ ಭೇದಿಯಾದ ಮಕ್ಕಳಲ್ಲಿ ಹೆಚ್ಚಿನವರು ಬಾಯಿಯಿಂದ ಕುಡಿಸುವ ಓಆರ್‌ಎಸ್ ನೀರಿನಿಂದಲೇ ಗುಣವಾಗುತ್ತಾರೆ. ಇದನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ನಮ್ಮ ದೇಶದಲ್ಲಿ ನಡೆದ ಒಂದು ಘಟನೆ.

1971. ಬಾಂಗ್ಲಾ ವಿಮೋಚನೆಯ ಸಮಯ. ಪೂರ್ವ ಪಾಕಿಸ್ತಾನದಿಂದ ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳಕ್ಕೆ ನಡೆದು ಬಂದರು. ಗಡಿಯ ಬನಗಾಂವ್ ಎಂಬಲ್ಲಿ ಕಾಲರಾ ಹಬ್ಬಿತು. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು. ಡಾ. ದಿಲೀಪ್ ಮಹಲನಬಿಸ್ ಎಂಬ ಮಕ್ಕಳ ವೈದ್ಯರು ಅಲ್ಲಿಗೆ ಹೋದಾಗ ರಕ್ತನಾಳಕ್ಕೆ ಕೊಡುವ ಸಲಾಯಿನ್ ಮುಗಿಯುತ್ತ ಬಂದಿತ್ತು. ಅವರು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, ಮೂರೂವರೆ ಗ್ರಾಂ ಅಡುಗೆ ಉಪ್ಪು, ಎರಡೂವರೆ ಗ್ರಾಂ ಅಡುಗೆ ಸೋಡಾ ಲೆಕ್ಕದಲ್ಲಿ ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕರಗಿಸಿ, ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ತೀರ ಕೆಟ್ಟ ಸ್ಥಿತಿಯಲ್ಲಿದ್ದವರಿಗೆ ಮಾತ್ರ ಇದ್ದಬದ್ದ ಸಲಾಯಿನ್. ಉಳಿದವರಿಗೆ ಕುಡಿಸಿದವರು ಯಾರು? ಸಿಸ್ಟರುಗಳು ಸಾಕಾಗುವಂತಿರಲಿಲ್ಲ. ರೋಗಿಯ ಪಕ್ಕದಲ್ಲಿ ಕೂತಿದ್ದ ತಾಯಿ, ತಂದೆ, ಅಣ್ಣ, ಅಕ್ಕ. ನಿಮ್ಮಂತೆಯೇ ಜೊತೆಗೆ ಬಂದವರು.

ಶಿಬಿರಗಳಲ್ಲಿ ನೂರಕ್ಕೆ ಸುಮಾರು 30 ಇದ್ದ ಸಾವು, ಅವರ ನಿಗಾದಲ್ಲಿದ್ದವರಲ್ಲಿ ನೂರಕ್ಕೆ 3.6ಕ್ಕೆ ಇಳಿಯಿತು. 1978ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆ ಈ ವಿಧಾನವನ್ನು ಆ ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆಯಾಗಬಲ್ಲದು ಎಂದು ಕರೆಯಿತು. ಮಹಲನಬಿಸ್ ಅವರು 2022ರಲ್ಲಿ ತೀರಿಕೊಂಡರು. ಮರುವರ್ಷ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಬಂತು. ಇಷ್ಟು ತಡವಾಗಬಾರದಿತ್ತು.

ಇದು ಕೆಲಸ ಮಾಡುವ ಬಗೆ ಸರಳ. ಬರೀ ನೀರು ಕುಡಿದರೆ ಭೇದಿಯ ಕರುಳು ಅದನ್ನು ಸರಿಯಾಗಿ ಹೀರುವುದಿಲ್ಲ. ಆದರೆ ಕರುಳಿನ ಗೋಡೆಯಲ್ಲಿ ಸಕ್ಕರೆ ಮತ್ತು ಉಪ್ಪನ್ನು ಜೋಡಿಯಾಗಿ ಒಳಗೆ ಬಿಡುವ ಬಾಗಿಲುಗಳಿವೆ. ಕಾಲರಾದಲ್ಲಿ ಕೂಡ ಅವು ಕೆಡುವುದಿಲ್ಲ. ಜೋಡಿ ಒಳಗೆ ಹೋದರೆ ಅದರ ಹಿಂದೆಯೇ ನೀರೂ ಹೋಗುತ್ತದೆ. ಸಕ್ಕರೆ ಹೆಚ್ಚಾದರೆ ಮಾತ್ರ ತಿರುಗಿ ಭೇದಿ ಹೆಚ್ಚುತ್ತದೆ, ಆದ್ದರಿಂದ ಅಳತೆ ಮುಖ್ಯ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಉಪ್ಪು, ಸಕ್ಕರೆ ಎರಡನ್ನೂ ಇನ್ನಷ್ಟು ಕಡಿಮೆ ಮಾಡಿ ಸೂತ್ರವನ್ನು ತಿದ್ದಿತು. ಈಗ ಸಿಗುವುದು ಆ ಸೂತ್ರದ್ದೇ.

ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟೇ ಕುದಿಸಿ ಆರಿಸಿದ ನೀರಿಗೆ ಇಡೀ ಪೊಟ್ಟಣ ಹಾಕಿರಿ. ಅರ್ಧ ಇಂದು, ಅರ್ಧ ನಾಳೆ ಎಂದು ಮಾಡಬೇಡಿರಿ. ಕಲಸಿದ ನೀರನ್ನು 24 ಗಂಟೆಯ ಮೇಲೆ ಇಡಬಾರದು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರ್, ಎರಡರಿಂದ ಹತ್ತು ವರ್ಷದವರಿಗೆ 100ರಿಂದ 200. ವಾಂತಿ ಮಾಡಿಕೊಂಡರೆ ಹತ್ತು ನಿಮಿಷ ಬಿಟ್ಟು, ಚಮಚ ಚಮಚವಾಗಿ ಕುಡಿಸಿರಿ. ಲೋಟದಿಂದ ಗಟಗಟ ಕುಡಿಸಿದರೆ ಮತ್ತೆ ಕಾರುತ್ತದೆ. ಪೊಟ್ಟಣ ಸಿಗದ ಊರಿನಲ್ಲಿ ಒಂದು ಲೀಟರ್ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಸಮಚಮಚ ಉಪ್ಪು. ಚಮಚದ ಮೇಲೆ ಗೋಪುರ ಬೇಡ, ಬೆರಳಿನಿಂದ ಸವರಿ ಮಟ್ಟ ಮಾಡಿಕೊಳ್ಳಿ. ಎದೆಹಾಲು ನಿಲ್ಲಿಸಬಾರದು. ಗಂಜಿ, ಮಜ್ಜಿಗೆ, ಮೆತ್ತಗಿನ ಅನ್ನ ನಡೆಯುತ್ತದೆ. "ಭೇದಿ ಇದೆ, ಹೊಟ್ಟೆ ಕಟ್ಟಬೇಕು" ಎಂಬುದು ಹಳೆಯ ತಪ್ಪು. ವೈದ್ಯರು ಬರೆದ ಸತುವಿನ ಅಂದರೆ ಜಿಂಕ್ ಗುಳಿಗೆಯನ್ನು ಭೇದಿ ನಿಂತರೂ ಹೇಳಿದಷ್ಟು ದಿನ ಮುಗಿಸಿರಿ.

ಅಂಗಡಿಯ ತಂಪುಪಾನೀಯ, ಹಣ್ಣಿನ ರಸದ ಡಬ್ಬಿ ಇದಕ್ಕೆ ಬದಲಿಯಲ್ಲ. ಓಆರ್‌ಎಸ್ ಎಂದು ಹೆಸರಿಟ್ಟುಕೊಂಡು ಅತಿ ಸಿಹಿ ಪಾನೀಯಗಳು ಮಾರಾಟವಾಗುತ್ತಿದ್ದವು. ವೈದ್ಯರೊಬ್ಬರು ವರ್ಷಗಟ್ಟಲೆ ಹೋರಾಡಿದ ಮೇಲೆ 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು ಅಂಥ ಪಾನೀಯಗಳ ಹೆಸರಿನಲ್ಲಿ ಆ ಪದ ಬಳಸಬಾರದೆಂದು ಆದೇಶಿಸಿತು. ಆದರೂ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿದೆಯೇ ನೋಡಿರಿ. ಓದಲು ಬಾರದವರು ನಮ್ಮ ಔಷಧ ಕೊಡುವವರನ್ನು ಕೇಳಿರಿ, ನಾಚಿಕೆ ಬೇಡ.

ತಡಮಾಡದೆ ಸಲಾಯಿನ್ ಹಚ್ಚಬೇಕಾದವರು

ಇಷ್ಟು ಓದಿ, ಮನೆಯಲ್ಲೇ ಕೂತು ಕುಡಿಸುತ್ತ ತಡಮಾಡಿದರೆ ನಮಗೇ ಪಾಪ ಬರುತ್ತದೆ. ಮಗುವಿನ ಕಣ್ಣು ಒಳಕ್ಕೆ ಹೋಗಿ ಮಂಪರಾಗಿದ್ದರೆ, ಕುಡಿಯಲು ಕೊಟ್ಟರೂ ಕುಡಿಯದಿದ್ದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಅದು ನಿಧಾನವಾಗಿ ಹಿಂದಕ್ಕೆ ಹೋದರೆ, ಆರೆಂಟು ಗಂಟೆ ಮೂತ್ರವಾಗದಿದ್ದರೆ, ಕೈಕಾಲು ತಣ್ಣಗಾದರೆ, ಭೇದಿಯಲ್ಲಿ ರಕ್ತ ಬಂದರೆ, ಹೊರಟುಬಿಡಿ. ದಾರಿಯಲ್ಲೂ ಕುಡಿಯುವಷ್ಟು ಎಚ್ಚರವಿದ್ದರೆ ಚಮಚದಿಂದ ಕುಡಿಸುತ್ತ ಬನ್ನಿ. ಎಚ್ಚರ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ.

ಹಾವು ಕಚ್ಚಿದಾಗ ವಿಷನಿವಾರಕ ಔಷಧವನ್ನು ರಕ್ತನಾಳದ ಮೂಲಕವೇ ಕೊಡಬೇಕು. ಅದಕ್ಕೆ ಗುಳಿಗೆ ಇಲ್ಲ, ಮಂತ್ರವೂ ಇಲ್ಲ. ಬೆಳೆಗೆ ಹೊಡೆಯುವ ಎಣ್ಣೆ ಹೊಟ್ಟೆಗೆ ಹೋದವರು, ತುಂಬಾ ರಕ್ತ ಹೋದವರು, ಸುಟ್ಟ ಗಾಯದವರು, ಬಿಸಿಲಿಗೆ ಎಚ್ಚರ ತಪ್ಪಿದವರು, ಸೋಂಕು ಮೈಯೆಲ್ಲ ಹರಡಿ ರಕ್ತದೊತ್ತಡ ಬಿದ್ದವರು, ಸಕ್ಕರೆ ಕಾಯಿಲೆ ವಿಪರೀತಕ್ಕೆ ಹೋಗಿ ಏದುಸಿರು ಬಿಡುವವರು, ಇವರಿಗೆಲ್ಲ ಬಾಟಲಿ ಜೀವ ಉಳಿಸುತ್ತದೆ. ಇಂಥವರಿಗೆ ನಾವು ಕೇಳುವ ಮೊದಲೇ ಹಚ್ಚಿರುತ್ತೇವೆ.

ಡೆಂಗಿ ಜ್ವರದ್ದು ಸ್ವಲ್ಪ ಸೂಕ್ಷ್ಮ. ಅದರಲ್ಲಿ ಸಲಾಯಿನ್ ಬೇಕಾಗುವ ಹಂತವಿದೆ, ಸಾಮಾನ್ಯವಾಗಿ ಜ್ವರ ಬಂದ ಮೂರರಿಂದ ಏಳನೆಯ ದಿನದೊಳಗೆ, ಅದೂ ಜ್ವರ ಇಳಿಯುತ್ತಿರುವಾಗ. ಆಗ ರಕ್ತನಾಳಗಳಿಂದ ನೀರು ಸೋರಿ ಎದೆ, ಹೊಟ್ಟೆಯಲ್ಲಿ ಸೇರಿಕೊಳ್ಳುತ್ತದೆ. ಕಡಿಮೆ ಕೊಟ್ಟರೆ ರಕ್ತದೊತ್ತಡ ಬೀಳುತ್ತದೆ, ಹೆಚ್ಚು ಕೊಟ್ಟರೆ ಆ ನೀರೇ ಎದೆಯಲ್ಲಿ ತುಂಬಿ ಉಸಿರು ಕಟ್ಟುತ್ತದೆ. ಗಂಟೆಗಂಟೆಗೆ ಅಳೆದು ಕೊಡಬೇಕು. "ಡೆಂಗಿ ಅಂತ ಹೇಳಿ ನಾಲ್ಕು ಬಾಟ್ಲಿ ಹಚ್ಚಿಸಿಕೊಂಡು ಬಂದೀವ್ರಿ" ಎನ್ನುವವರನ್ನು ಕಂಡರೆ ನಮಗೆ ಭಯವಾಗುತ್ತದೆ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು, ಚಡಪಡಿಕೆ ಕಂಡರೆ ಕೂಡಲೇ ತಿಳಿಸಿರಿ. ಪ್ಲೇಟ್‌ಲೆಟ್ ಸಂಖ್ಯೆಯೊಂದನ್ನೇ ನೋಡುತ್ತ ಕೂರಬೇಡಿರಿ.

ಸೂಜಿ ಇದ್ದಷ್ಟು ದಿನ

ಕೈಗೆ ಹಾಕುವ ಪ್ಲಾಸ್ಟಿಕ್ ನಳಿಕೆಗೆ ಕ್ಯಾನುಲಾ ಎನ್ನುತ್ತಾರೆ. ಅದು ಚರ್ಮದಲ್ಲಿ ತೆರೆದಿಟ್ಟ ಒಂದು ಬಾಗಿಲು. ಔಷಧ ಒಳಗೆ ಹೋಗುವಂತೆ ರೋಗಾಣುವೂ ಹೋಗಬಹುದು. ಆ ಜಾಗ ಕೆಂಪಾದರೆ, ಬಾತರೆ, ಮುಟ್ಟಿದರೆ ನೋವಾದರೆ, ನಳಿಕೆಯ ದಾರಿಯಲ್ಲಿ ರಕ್ತನಾಳ ಹುರಿಯಂತೆ ಗಟ್ಟಿಯಾದರೆ, ರಾತ್ರಿ ಎರಡು ಗಂಟೆಯಾದರೂ ಸಿಸ್ಟರ್ ಅವರನ್ನು ಕರೆಯಿರಿ. ಅವರು ಬೇಸರ ಪಡುವುದಿಲ್ಲ. ಪಟ್ಟಿ ಒದ್ದೆಯಾದರೂ ಹೇಳಿರಿ. ಬಾಟಲಿ ಬೇಗ ಮುಗಿಯಲೆಂದು ಚಕ್ರವನ್ನು ನೀವೇ ತಿರುಗಿಸಬೇಡಿರಿ. ಹೃದಯ ಅಥವಾ ಮೂತ್ರಪಿಂಡ ದುರ್ಬಲವಿರುವ ಹಿರಿಯರಿಗೆ ಒಂದೇ ಲೀಟರ್ ವೇಗವಾಗಿ ಹೋದರೂ ರಾತ್ರಿ ಮಲಗಲಾಗದಂತೆ ದಮ್ಮು ಕಟ್ಟಬಹುದು. ಸುಸ್ತೆಂದು ಸಂಜೆ ಎಲ್ಲೋ ಎರಡು ಬಾಟಲಿ ಹಚ್ಚಿಸಿಕೊಂಡು, ನಡುರಾತ್ರಿ ನಮ್ಮ ತುರ್ತು ವಿಭಾಗಕ್ಕೆ ಕೂತೇ ಬಂದ ಅಜ್ಜಂದಿರು ಒಬ್ಬಿಬ್ಬರಲ್ಲ.

"ಮೂರು ದಿನ ಆತು, ಸೂಜಿ ಬದಲು ಮಾಡ್ರಿ" ಎಂದು ಕೆಲವು ತಿಳಿದವರು ಹೇಳುತ್ತಾರೆ. ಹಿಂದೆ ಹಾಗೆಯೇ ನಿಯಮವಿತ್ತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 3,283 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಅರ್ಧ ಜನರಿಗೆ ಮೂರನೆಯ ದಿನಕ್ಕೆ ನಿಯಮದಂತೆ ಬದಲು, ಇನ್ನರ್ಧಕ್ಕೆ ತೊಂದರೆ ಕಂಡರೆ ಮಾತ್ರ ಬದಲು. 2012ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಕಡೆ ರಕ್ತನಾಳದ ಉರಿಯೂತ ನೂರಕ್ಕೆ 7 ಮಾತ್ರ, ವ್ಯತ್ಯಾಸವಿಲ್ಲ. ಆದ್ದರಿಂದ ದಿನ ಎಣಿಸುವುದಕ್ಕಿಂತ ದಿನವೂ ಆ ಜಾಗವನ್ನು ನೋಡುವುದು ಮುಖ್ಯ. ಬೆಳಗಿನ ರೌಂಡ್ಸಿನಲ್ಲಿ ವೈದ್ಯರು ಬಂದಾಗ ನೀವು ಕೇಳಬಹುದಾದ ಒಳ್ಳೆಯ ಪ್ರಶ್ನೆ ಇದು: "ಈ ಸೂಜಿ ಇವತ್ತೂ ಬೇಕೇನ್ರಿ?" ಕೆಲಸದ ಗಡಿಬಿಡಿಯಲ್ಲಿ ನಾವು ಮರೆತಿದ್ದರೆ ಅದು ನಮಗೂ ನೆನಪಾಗುತ್ತದೆ.

ಹೊರಗೆ ಎಲ್ಲಿಯೇ ಸೂಜಿ ಹಾಕಿಸಿಕೊಂಡರೂ ಹೊಸ ಪೊಟ್ಟಣವನ್ನು ನಿಮ್ಮ ಕಣ್ಣೆದುರು ಒಡೆಯಬೇಕು. 2009ರಲ್ಲಿ ಗುಜರಾತಿನ ಮೋಡಾಸಾದಲ್ಲಿ ಬಳಸಿದ ಸಿರಿಂಜುಗಳ ಮರುಬಳಕೆಯಿಂದ ಹೆಪಟೈಟಿಸ್ ಬಿ ಕಾಮಾಲೆ ಹಬ್ಬಿ ಎಷ್ಟೋ ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಸಣ್ಣಪುಟ್ಟ ಕಾಯಿಲೆಗೆ ಹೋದವರೇ ಇದ್ದಿರಬೇಕು.

"ಇಂಜೆಕ್ಷನ್ ನಿಲ್ಲಿಸಿ ಗುಳಿಗೆ ಕೊಟ್ಟರು"

ವಾರ್ಡಿನಲ್ಲಿ ಇನ್ನೊಂದು ದೂರು ಇದೆ. ಮೂರು ದಿನ ಇಂಜೆಕ್ಷನ್ ಕೊಟ್ಟು, ನಾಲ್ಕನೆಯ ದಿನ ಗುಳಿಗೆಗೆ ಇಳಿಸಿದರೆ "ಇನ್ನು ನಮ್ಮನ್ನ ಕಳಿಸಾಕ ಹತ್ಯಾರ" ಎಂದುಕೊಳ್ಳುತ್ತಾರೆ. ಇಳಿಸಿದರು ಎಂಬ ಪದವೇ ಸರಿಯಲ್ಲ. ಸೂಜಿಯ ಔಷಧ ದೊಡ್ಡದು, ಗುಳಿಗೆ ಸಣ್ಣದು ಎಂಬ ಭಾವನೆ ವೈದ್ಯರಲ್ಲೂ ಬಹುಕಾಲ ಇತ್ತು, ಒಪ್ಪಿಕೊಳ್ಳುತ್ತೇವೆ. ಮೂಳೆಯ ಸೋಂಕಿಗೆ ಆರು ವಾರ ಇಂಜೆಕ್ಷನ್ ಬೇಕೇ ಬೇಕು ಎಂದು ನಾವೂ ಕಲಿತಿದ್ದೆವು.

ಬ್ರಿಟನ್ನಿನ 26 ಆಸ್ಪತ್ರೆ ಕೇಂದ್ರಗಳಲ್ಲಿ ಮೂಳೆ ಹಾಗೂ ಕೀಲಿನ ಸೋಂಕಿದ್ದ 1,054 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರು ವಾರ ರಕ್ತನಾಳದ ಔಷಧ, ಇನ್ನೊಂದಕ್ಕೆ ಮೊದಲ ವಾರದೊಳಗೇ ಬಾಯಿಯ ಔಷಧ. ಒಂದು ವರ್ಷದ ಕೊನೆಗೆ ಚಿಕಿತ್ಸೆ ಫಲಿಸದವರು ಮೊದಲ ಗುಂಪಿನಲ್ಲಿ ನೂರಕ್ಕೆ 14.6, ಎರಡನೆಯದರಲ್ಲಿ 13.2. ಗುಳಿಗೆಯವರು ಹಿಂದೆ ಬೀಳಲಿಲ್ಲ. ಇದು 2019ರಲ್ಲಿ ಪ್ರಕಟವಾಯಿತು. ಅದೇ ಹೊತ್ತಿಗೆ ಡೆನ್ಮಾರ್ಕಿನಲ್ಲಿ ಹೃದಯದ ಕವಾಟಕ್ಕೆ ಸೋಂಕು ತಗುಲಿದ್ದ 400 ಜನರ ಮೇಲೂ ಪರೀಕ್ಷೆ ನಡೆಯಿತು. ಎಲ್ಲರಿಗೂ ಕನಿಷ್ಠ ಹತ್ತು ದಿನ ಇಂಜೆಕ್ಷನ್ ಕೊಟ್ಟು, ಸ್ಥಿತಿ ಸ್ಥಿರವಾದ ಮೇಲೆ ಅರ್ಧ ಜನರನ್ನು ಗುಳಿಗೆಗೆ ಬದಲಾಯಿಸಿದರು. ಅವರೂ ಅಷ್ಟೇ ಚೆನ್ನಾಗಿ ಗುಣವಾದರು. ಇಂಥ ದೊಡ್ಡ ಕಾಯಿಲೆಗೇ ಹೀಗಿರುವಾಗ ಸಾಮಾನ್ಯ ನ್ಯುಮೋನಿಯಾ, ಮೂತ್ರದ ಸೋಂಕಿಗೆ ವಾರಗಟ್ಟಲೆ ಸೂಜಿ ಏಕೆ?

ಎಲ್ಲರಿಗೂ, ಎಲ್ಲ ಔಷಧಕ್ಕೂ ಇದು ನಡೆಯದು. ಮಿದುಳು ಪೊರೆಯ ಸೋಂಕಿಗೆ ಇಂಜೆಕ್ಷನ್ನೇ ಬೇಕು. ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಔಷಧಗಳನ್ನು ಕರುಳು ಹೀರಿಕೊಳ್ಳುವುದೇ ಇಲ್ಲ. ಲಿನೆಜೋಲಿಡ್, ಲಿವೋಫ್ಲಾಕ್ಸಸಿನ್, ಮೆಟ್ರೊನಿಡಜೋಲ್ ಮುಂತಾದವು ಗುಳಿಗೆಯಾಗಿ ನುಂಗಿದರೂ ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತವೆ. ಜ್ವರ ಇಳಿದಿದೆಯೇ, ರಕ್ತದೊತ್ತಡ ಸರಿಯಿದೆಯೇ, ವಾಂತಿ ನಿಂತಿದೆಯೇ, ತಿಂದದ್ದು ಉಳಿಯುತ್ತಿದೆಯೇ ಎಂದು ನೋಡಿಯೇ ಬದಲಾಯಿಸುತ್ತೇವೆ. ಬೇಗ ಸೂಜಿ ತೆಗೆದರೆ ಸೋಂಕಿನ ಭಯ ಕಡಿಮೆ, ಎದ್ದು ಓಡಾಡಬಹುದು, ಮನೆಗೂ ಬೇಗ. ಆದರೆ ನಿಮ್ಮ ಮೇಲೆ ಒಂದು ಹೊಣೆ ಬರುತ್ತದೆ. ಸೂಜಿಯನ್ನು ಸಿಸ್ಟರ್ ತಪ್ಪಿಸುವುದಿಲ್ಲ, ಗುಳಿಗೆಯನ್ನು ಮನೆಯಲ್ಲಿ ನೀವು ತಪ್ಪಿಸಬಹುದು. ಹೇಳಿದಷ್ಟು ದಿನ, ಹೇಳಿದ ಹೊತ್ತಿಗೆ ನುಂಗಿಸಿರಿ.

ಕೊನೆಯ ದಿನಗಳಲ್ಲಿ

ಬರೆಯಲು ಕಷ್ಟವಾದ ಭಾಗ ಇದು. ಆದರೆ ಅತಿ ಹೆಚ್ಚು ಸಂಕಟದಿಂದ ಕೇಳುವ ಪ್ರಶ್ನೆಯೂ ಇದೇ.

ವಾಸಿಯಾಗದ ಕ್ಯಾನ್ಸರ್ ಇರುವವರು, ತೀರ ವಯಸ್ಸಾಗಿ ದೇಹ ಸೋತವರು ಒಂದು ಹಂತದಲ್ಲಿ ಊಟ ಬಿಡುತ್ತಾರೆ, ಆಮೇಲೆ ನೀರೂ ಬೇಡವೆನ್ನುತ್ತಾರೆ. ಆಗ ಮಕ್ಕಳು ಕೈ ಮುಗಿದು ಕೇಳುತ್ತಾರೆ: "ಅವ್ವ ಏನೂ ತಗೊಳ್ಳವಲ್ಲಳು, ಸಲಾಯಿನ್ ಆದ್ರೂ ಹಚ್ರಿ. ಹಸಕೊಂಡು ಹೋದ್ಲು ಅಂತ ಆಗಬಾರದ್ರಿ." ದಾಸೋಹದ ಸಂಸ್ಕಾರದಲ್ಲಿ ಬೆಳೆದ ನಮಗೆ, ಹಸಿದವರಿಗೆ ಉಣ್ಣಿಸುವುದೇ ಧರ್ಮವೆಂದು ತಿಳಿದವರಿಗೆ, ಹಾಗೆ ಅನಿಸದೆ ಇರುತ್ತದೆಯೇ?

ಆದರೆ ಅವರು ಉಣ್ಣದೆ ಸಾಯುತ್ತಿರುವುದಲ್ಲ. ದೇಹ ತನ್ನ ಕೆಲಸ ಮುಗಿಸುತ್ತಿರುವುದರಿಂದ ಊಟ ಬೇಡವಾಗಿದೆ. ಹಸಿವು, ಬಾಯಾರಿಕೆ ಎರಡೂ ಅವರಿಗೆ ನಮ್ಮಷ್ಟು ಆಗುತ್ತಿರುವುದಿಲ್ಲ. ಅಮೆರಿಕದಲ್ಲಿ ಕೊನೆಯ ಹಂತದ ಕ್ಯಾನ್ಸರ್ ಇದ್ದ 129 ಜನರಿಗೆ ಮನೆಯಲ್ಲೇ ಈ ಪರೀಕ್ಷೆ ಮಾಡಿದರು. ಕೆಲವರಿಗೆ ದಿನಕ್ಕೆ ಒಂದು ಲೀಟರ್ ಸಲಾಯಿನ್, ಉಳಿದವರಿಗೆ ಹೆಸರಿಗೆ ಮಾತ್ರ 100 ಮಿಲಿಲೀಟರ್. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಸುಸ್ತು, ಮಂಪರು, ಬದುಕಿದ ದಿನಗಳು, ಯಾವುದರಲ್ಲೂ ಎರಡು ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ದೇಹ ಬಳಸಿಕೊಳ್ಳಲಾರದ ನೀರು ಕಾಲಿನಲ್ಲಿ ಬಾವಾಗಿ, ಎದೆಯಲ್ಲಿ ಗೊರಗೊರ ಸದ್ದಾಗಿ ತೊಂದರೆಯನ್ನೇ ಹೆಚ್ಚಿಸಬಹುದು. ಚರ್ಮ ತೆಳುವಾದ ಕೈಗೆ ಮತ್ತೆ ಮತ್ತೆ ಸೂಜಿ ಚುಚ್ಚಿಸಿಕೊಳ್ಳುವ ನೋವು ಬೇರೆ.

ವಯಸ್ಸಾದವರೆಲ್ಲ ಈ ಹಂತದಲ್ಲಿದ್ದಾರೆಂದು ಅರ್ಥವಲ್ಲ. ಎಂಬತ್ತೈದರ ಅಜ್ಜಿಗೆ ಭೇದಿಯಾಗಿ ಸುಸ್ತಾಗಿದ್ದರೆ ಸಲಾಯಿನ್ ಹಚ್ಚಿ ನಡೆಸಿಯೇ ಮನೆಗೆ ಕಳಿಸುತ್ತೇವೆ. ಯಾವುದು ಯಾವುದೆಂದು ವೈದ್ಯರನ್ನು ಕೂರಿಸಿ ಕೇಳಿರಿ. ಅನುಮಾನವಿದ್ದರೆ ಒಂದೆರಡು ದಿನ ಸ್ವಲ್ಪ ಹಚ್ಚಿ ನೋಡಿ, ಉಪಯೋಗವಿಲ್ಲದಿದ್ದರೆ ನಿಲ್ಲಿಸುವುದೂ ಉಂಟು. ಬಾಟಲಿ ನಿಲ್ಲಿಸಿದರೆ ಆರೈಕೆ ನಿಲ್ಲಿಸಿದಂತಲ್ಲ. ನೋವಿಗೆ, ಉಸಿರಾಟದ ಕಷ್ಟಕ್ಕೆ ಔಷಧ ಕೊನೆಯವರೆಗೂ ಇರುತ್ತದೆ.

ಅವರಿಗೆ ನಿಜವಾಗಿ ತೊಂದರೆ ಕೊಡುವುದು ಒಣಗಿದ ಬಾಯಿ. ಅದನ್ನು ಬಾಟಲಿ ನೀಗಿಸುವುದಿಲ್ಲ, ನೀವು ನೀಗಿಸಬಲ್ಲಿರಿ. ಎಚ್ಚರವಿದ್ದು ನುಂಗುವ ಶಕ್ತಿಯಿದ್ದರೆ ತಲೆ ಎತ್ತಿ ಹಿಡಿದು ಅರ್ಧ ಚಮಚ ನೀರು ಕೊಡಿರಿ. ಎಳನೀರು ಇಷ್ಟವಿದ್ದವರಿಗೆ ಎಳನೀರು. ನುಂಗಲಾರದವರಿಗೆ ಎರಡು ಗಂಟೆಗೊಮ್ಮೆ ಶುದ್ಧ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ನಾಲಿಗೆ, ಒಸಡು, ಕೆನ್ನೆಯ ಒಳಭಾಗ ಒರೆಸಿರಿ. ತುಟಿಗೆ ಬೆಣ್ಣೆ ಅಥವಾ ತೆಂಗಿನೆಣ್ಣೆ ಸವರಿರಿ. ಇಷ್ಟಲಿಂಗ ಪೂಜೆಯ ರೂಢಿಯಿದ್ದವರಿಗೆ ಅದನ್ನು ಮಾಡಿಸಬಹುದು, ಪಾದೋದಕವನ್ನು ತುಟಿಗೆ ಸೋಕಿಸಬಹುದು. ಮಂಚದ ಪಕ್ಕ ಕೂರಲು ಇಬ್ಬರಿಗೆ ರಾತ್ರಿಯೂ ಅನುಮತಿ ಇದೆ, ಕಾವಲುಗಾರರು ತಡೆದರೆ ವಾರ್ಡಿನ ಸಿಸ್ಟರ್ ಹೆಸರು ಹೇಳಿರಿ. ಬಾಯಿ ಒರೆಸುವ ಬಟ್ಟೆ, ಬಟ್ಟಲು ಇಲ್ಲದವರು ಅವರ ಬಳಿಯೇ ಕೇಳಿ ಪಡೆಯಿರಿ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.